ಊಟ ಆದ ಮೇಲೆ ಓದಬೇಕಿದ್ದ ಹೆಸರುಗಳು

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯ ರದ್ದಿಯ ರಾಶಿ ತಾನಾಗಿಯೇ ಗಂಟೆ ಬಾರಿಸಿತು. ಪುಣೆಯ ಖರಾಡಿಯ ಏಳನೆಯ ಮಹಡಿಯ ಈ ಫ್ಲಾಟಿನಲ್ಲಿ ಹಳೆಯ ಸಾಮಾನಿಗೆ ಆಯಸ್ಸು ಕಡಿಮೆ. ನನ್ನ ಹೆಂಡತಿಯದು ಕಂಪನಿ ಕೆಲಸ. ಆರು ತಿಂಗಳು ಯಾರೂ ಮುಟ್ಟದ ವಸ್ತು ಮನೆಯದಲ್ಲ ಎಂಬುದು ಆಕೆಯ ಸಿದ್ಧಾಂತ. ನಾನು ಇತಿಹಾಸದ ಮಾಸ್ತರ. ನೂರು ವರ್ಷ ಯಾರೂ ಮುಟ್ಟದಿದ್ದರೇ ವಸ್ತುವಿಗೆ ಬೆಲೆ ಎಂದು ನಂಬಿದವನು. ಇಂಥ ಇಬ್ಬರು ಒಂದೇ ಕಪಾಟು ಹಂಚಿಕೊಂಡರೆ ವರ್ಷಕ್ಕೊಮ್ಮೆ ಯುದ್ಧ ತಪ್ಪದು. ಆ ಭಾನುವಾರ ಆಕೆ ಗೆದ್ದು, ಬಾಗಿಲ ಬಳಿ ರದ್ದಿ ಒಟ್ಟಿದ್ದಳು. ಮೇಲಿದ್ದ ಒಂದು ಸೆಣಬಿನ ಚೀಲ ಜಾರಿ ಕೆಳಗೆ ಬಿತ್ತು. ಒಳಗಿನಿಂದ ಟಣ್ ಎಂದು ಸದ್ದಾಯಿತು.

"ಅಯ್ಯ, ಇದರಾಗ ಏನೋ ಜೀವ ಅದ ನೋಡ್ರಿ" ಎಂದಳು ಹೆಂಡತಿ.

ಇತ್ತು. ಚೀಲದ ಮೇಲೆ ಅಚ್ಚಾಗಿದ್ದ ಅಕ್ಷರ ಮಾಸಿ, 'ವಿದ್ಯಾರ್ಥಿ ಇತಿಹಾಸ ಪರಿಷದ' ಎಂಬ ಮರಾಠಿ ಸಾಲು ಮಾತ್ರ ಉಳಿದಿತ್ತು. ಒಳಗೆ ತುಕ್ಕು ಹಿಡಿದ ಪಿನ್ನಿನ ಬಿಲ್ಲೆಯೊಂದು. ಅದರ ಮೇಲೆ ನನ್ನ ಹೆಸರು, ಕೆಳಗೆ 'ಸಮಯಪಾಲಕ' ಎಂಬ ಪದವಿ. ಒಂದು ಇನ್ನೂರು ಪುಟದ ನೋಟ್‌ಬುಕ್. ಮತ್ತು ಕೈಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡ, ಹಸಿರುಗಟ್ಟಿದ ಒಂದು ಹಿತ್ತಾಳೆ ಗಂಟೆ. ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಹೋಗಿ ಕೊಂಡು ತಂದ ಗಂಟೆ. ಅದನ್ನು ಕೈಯಲ್ಲಿ ಹಿಡಿದು ನಾನು ರದ್ದಿಯ ರಾಶಿಯ ಪಕ್ಕದಲ್ಲೇ ಕೂತುಬಿಟ್ಟೆ. ಹೆಂಡತಿ ಒಮ್ಮೆ ನೋಡಿ ಚಹಾ ಇಡಲು ಹೋದಳು.

ಕೊಂಡ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ, ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಪೇಟೆಯೊಳಗಿನ ಆ ಪಾತ್ರೆ ಅಂಗಡಿಗೆ ನಾನು ಮಧ್ಯಾಹ್ನ ಒಂದು ಗಂಟೆಗೆ ಐದು ನಿಮಿಷ ಇರುವಾಗ ಹೋದೆ. ಒಂದರಿಂದ ನಾಲ್ಕರವರೆಗೆ ಅಂಗಡಿಕಾರರು ಮಲಗುತ್ತಾರೆ, ಇದು ಪುಣೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಧರ್ಮ. ಅಜ್ಜ ಆಗಲೇ ಅರ್ಧ ಷಟರು ಎಳೆದಿದ್ದರು. ನಾನು ಗಂಟೆಯನ್ನೆತ್ತಿ ಸದ್ದು ಹೇಗಿದೆ ನೋಡೋಣವೆಂದು ಅಲ್ಲಾಡಿಸಹೊರಟರೆ, "ವಾಜವೂನ್ ಕಾಯ್ ಬಘತೋಸ್? ಘಂಟಾ ಆಹೆ, ವಾಜಣಾರಚ್" ಎಂದರು. ಬಾರಿಸಿ ಏನು ನೋಡುತ್ತೀ, ಗಂಟೆ ಅಂದಮೇಲೆ ಸದ್ದು ಮಾಡಿಯೇ ಮಾಡುತ್ತದೆ ಎಂದು. ಈ ಮಾತನ್ನು ನಾನು ಸ್ವಲ್ಪ ಹೆಚ್ಚೇ ಮನಸ್ಸಿಗೆ ಹಚ್ಚಿಕೊಂಡೆನೋ ಏನೋ.

ಗಂಟೆ ಬೇಕಾಗಿದ್ದು ಒಂದು ವಿಚಾರ ಸಂಕಿರಣಕ್ಕೆ. ನೀವು ಇಂಥ ಸಂಕಿರಣಗಳಿಗೆ ಹೋಗಿದ್ದರೆ ನಿಮಗೆ ಗೊತ್ತು, ಹೋಗಿಲ್ಲದಿದ್ದರೆ ಪುಣ್ಯವಂತರು. ದೀಪ ಹಚ್ಚುವುದು, ಅದು ಫ್ಯಾನಿನ ಗಾಳಿಗೆ ಆರುವುದು, ಮತ್ತೆ ಹಚ್ಚುವುದು. ಶಾಲು, ತೆಂಗಿನಕಾಯಿ, ಪರಿಚಯ, ಪರಿಚಯ ಮಾಡಿದವರ ಪರಿಚಯ. ಇಷ್ಟೆಲ್ಲ ಮುಗಿದು, ಉಳಿದ ಹೊತ್ತಿನಲ್ಲಿ ಪ್ರಬಂಧ ಓದಬೇಕಾದವರು ಓದಬೇಕು. ಆದರೆ ಆ ವರ್ಷದ್ದು ಹಾಗಾಗಬಾರದು ಎಂದು ನಾವು ಎಂ.ಎ. ವಿದ್ಯಾರ್ಥಿಗಳು ಹಟ ತೊಟ್ಟಿದ್ದೆವು. ಸಂಘಟನೆಯೆಲ್ಲ ವಿದ್ಯಾರ್ಥಿಗಳದ್ದೇ, ಓದುವವರೂ ವಿದ್ಯಾರ್ಥಿಗಳೇ, ದೊಡ್ಡವರು ಉದ್ಘಾಟನೆಗೆ ಮಾತ್ರ. ಮೂರು ತಿಂಗಳು ಶಿವಾಜಿನಗರದ ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಸಭೆ ಮೇಲೆ ಸಭೆ ಮಾಡಿದೆವು. ಊಟದ ಸಮಿತಿಗೆ ಹತ್ತು ಜನ ಕೈಯೆತ್ತಿದರು. ಸಮಯದ ಸಮಿತಿಗೆ ನಾನೊಬ್ಬನೇ.

ನಮ್ಮ ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ಮರಾಠಿ ರೂಢಿಯಂತೆ ಬಾಯಿ, ಎಂದರೆ ಅಮ್ಮಾವ್ರು, ಎನ್ನುತ್ತಿದ್ದೆವು. ಅವರಿಗೆ ಎರಡೇ ಮಂತ್ರ. ಒಂದು, "ಕಾಗದ್ ಕುಠೆ ಆಹೆ?", ಎಂದರೆ ಕಾಗದ ಎಲ್ಲಿದೆ, ಆಧಾರವಿಲ್ಲದೆ ಮಾತಾಡಬೇಡ ಎಂದು. ಇನ್ನೊಂದು, "ವೇಳ್ ಮ್ಹಣಜೆ ವೇಳ್", ಸಮಯ ಅಂದರೆ ಸಮಯ. ಎರಡನೆಯ ಮಂತ್ರದ ಉಪಾಸಕನಾಗಿ ನಾನು ನಿಯಮ ಬರೆದೆ: ಪ್ರತಿ ಪ್ರಬಂಧಕ್ಕೆ ಹದಿನೈದು ನಿಮಿಷ, ಎರಡು ನಿಮಿಷ ಉಳಿದಾಗ ಒಂದು ಸಲ ಗಂಟೆ, ಮುಗಿದಾಗ ಎರಡು ಸಲ, ಓದುವವರು ಯಾರೇ ಆಗಿರಲಿ. 'ಯಾರೇ ಆಗಿರಲಿ' ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ. ಗೆರೆ ಎಳೆಯುವಾಗ ನನಗೆ ಇಪ್ಪತ್ತೊಂದು ವರ್ಷ.

ರೇಣುಕಾ ನನ್ನ ತರಗತಿಯವಳು. ಒಂದಿಡೀ ವರ್ಷ ನಾನು ಅವಳನ್ನು ಮರಾಠಿಯವಳೆಂದೇ ತಿಳಿದಿದ್ದೆ. ಒಂದು ದಿನ ಮೆಟ್ಟಿಲಲ್ಲಿ ಎಡವಿ "ಯವ್ವಾ!" ಎಂದಳು. ಎಷ್ಟೇ ಭಾಷೆ ಕಲಿತರೂ ಎಡವಿದಾಗ ಬರುವುದು ಒಂದೇ. "ನೀ ಕನ್ನಡದಾಕೀ?" ಎಂದೆ. "ಮತ್ತ ನೀ?" ಎಂದಳು. ಅಲ್ಲಿಂದ ನಮ್ಮ ಮಾತೆಲ್ಲ ನೀ, ಲೇ ಎಂದೇ. ಆದರೆ ನಮ್ಮಿಬ್ಬರ ಕನ್ನಡ ಒಂದೇ ಆಗಿರಲಿಲ್ಲ. ನಮ್ಮದು ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ಮನೆ, ಗೋಡೆಗೆ ತಂಬೂರಿ ತೂಗುಹಾಕಿದ ಮನೆ. ಅವಳ ತಂದೆತಾಯಿ ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ತಂದೆಗೆ ಆಮೇಲೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಿಗಡಿಯಲ್ಲಿ ನಿಂತಿದ್ದರು. ಅವಳು ದಿನಾ ಆಕುರ್ಡಿಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದಳು, ನನಗಿಂತ ಮೊದಲೇ ತರಗತಿಯಲ್ಲಿರುತ್ತಿದ್ದಳು.

ಸಂಕಿರಣದ ವಿಷಯ, 'ನಗರದ ಕಟ್ಟಡಗಳು: ಆಧಾರ ಮತ್ತು ಇತಿಹಾಸ'. ಎಲ್ಲರೂ ಹಳೆಯ ಸರದಾರರ ವಾಡೆಗಳಿಗೆ, ಕೋಟೆಯ ಗೋಡೆಗಳಿಗೆ, ದಂಡಿನ ಬಂಗಲೆಗಳಿಗೆ ಮುಗಿಬಿದ್ದರು. ನಾನೂ ಒಂದು ವಾಡೆ ಹಿಡಿದುಕೊಂಡೆ. ರೇಣುಕಾ ಹೇಳಿದಳು, "ನಾ ನಮ್ಮ ಹಾಲ್ ಮ್ಯಾಲೆ ಬರೀತೀನಿ."

ನಮ್ಮ ಹಾಲ್ ಎಂದರೆ ಸಂಕಿರಣ ನಡೆಯಬೇಕಿದ್ದ ಕಾಲೇಜಿನ ಸಭಾಂಗಣವೇ. ಕಟ್ಟಿ ಇಪ್ಪತ್ತು ವರ್ಷವಾಗಿದ್ದರೂ ಎಲ್ಲರಿಗೂ ಅದು ಹೊಸ ಹಾಲು. ಇಪ್ಪತ್ತು ವರ್ಷದ ಕಟ್ಟಡಕ್ಕೆ ಎಂಥ ಇತಿಹಾಸ ಎಂದು ನಾವು ನಕ್ಕೆವು. ಅವಳು ನಗಲಿಲ್ಲ. ಕಾಲೇಜು ಕಚೇರಿಯಲ್ಲಿ ಕೂತು ಹಳೆಯ ಕಡತಗಳನ್ನೆಲ್ಲ ತೆಗೆಸಿದಳು. ನಾನೂ ಜೊತೆಗಿದ್ದೆ. ಅದರಲ್ಲಿ ದಾನಿಗಳ ಪತ್ರವಿತ್ತು, ವಾಸ್ತುಶಿಲ್ಪಿಯ ನಕ್ಷೆಯಿತ್ತು, ಕಲ್ಲಿನ ಫಲಕದ ಮೇಲೆ ಯಾರ ಹೆಸರು ಮೇಲೆ ಬರಬೇಕು, ಯಾರದು ಕೆಳಗೆ ಎಂಬ ಜಗಳದ ನಾಲ್ಕು ಪತ್ರಗಳಿದ್ದವು. ಉದ್ಘಾಟನೆಗೆ ತಂದ ಹಾರ ಎಷ್ಟು ಮೊಳ ಎಂಬುದೂ ಇತ್ತು. ಕಟ್ಟಿದವರು ಯಾರು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

"ಕಾಗದ ಇಲ್ಲಲ್ಲ" ಎಂದೆ ನಾನು, ಬಾಯಿಯವರ ಶಿಷ್ಯನಾಗಿ.

"ಕಾಗದ ಮನ್ಯಾಗ ಅದ. ಬಾ, ತೋರಸ್ತೀನಿ" ಎಂದಳು.

ಆ ಭಾನುವಾರ ನಿಗಡಿಗೆ ಹೋದೆ. ಕಾಗದ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿತ್ತು. ರೇಣುಕಾಳ ತಾಯಿ ಮಲ್ಲಮ್ಮ. ನಮ್ಮ ಹಾಲು ಕಟ್ಟುವಾಗ ಅವರು ಹೊಸದಾಗಿ ಮದುವೆಯಾಗಿ, ಕೈಗೂಸನ್ನೆತ್ತಿಕೊಂಡು ಅಲ್ಲಿ ಬುಟ್ಟಿ ಹೊತ್ತವರು. ಕೈಗೂಸು ಎಂದರೆ ಈ ರೇಣುಕಾ. ಈಗ ಮೈಕು ಇಡುತ್ತಾರಲ್ಲ, ಸುಮಾರು ಅಲ್ಲಿಯೇ ಎರಡು ಬಿದಿರಿಗೆ ಸೀರೆ ಕಟ್ಟಿ ಅವಳನ್ನು ಮಲಗಿಸುತ್ತಿದ್ದರಂತೆ.

"ಅವ್ವಾ, ಆಗ ನಿಮ್ಮ ಜೋಡಿ ಯಾರ್ಯಾರು ಇದ್ದರು?" ಎಂದು ಕೇಳಿದೆ, ನೋಟ್‌ಬುಕ್ ಬಿಚ್ಚಿ.

ಮಲ್ಲಮ್ಮ ಯೋಚಿಸಿದರು. ಎರಡು ಹೆಸರು ಬಂದವು, ಮೂರನೆಯದು ತಡವರಿಸಿತು. ಆಮೇಲೆ "ತಡಿ ತಮ್ಮಾ, ಹಿಂಗ ಆಗಂಗಿಲ್ಲ" ಎಂದು ಹಿಟ್ಟಿನ ಕೈ ತೊಳೆದುಕೊಂಡು ಎದ್ದು ನಿಂತರು. ಛಾವಣಿಯ ಸ್ಲ್ಯಾಬು ಹಾಕುವ ದಿನ ಕಾಂಕ್ರೀಟು ಕಲಸುವ ಮಷೀನಿನಿಂದ ಮೇಲಿನವರೆಗೆ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ತುಂಬಿದ ಬುಟ್ಟಿ ಕೈಯಿಂದ ಕೈಗೆ ಹೋಗುತ್ತದೆ, ಖಾಲಿ ಬುಟ್ಟಿ ಕೈಯಿಂದ ಕೈಗೆ ಮರಳುತ್ತದೆ. ಮಲ್ಲಮ್ಮ ಆ ಸಾಲಿನಲ್ಲಿ ನಿಂತವರಂತೆ ನಿಂತು, ಕೈಯಲ್ಲಿ ಇಲ್ಲದ ಬುಟ್ಟಿಯನ್ನು ಬಲದಿಂದ ತೆಗೆದುಕೊಂಡು ಎಡಕ್ಕೆ ಕೊಡುತ್ತ ಹೆಸರು ಹೇಳತೊಡಗಿದರು. "ಮಷೀನ್ ಬಾಜೂಕ ಭೀಮವ್ವ, ಸುರಪುರದಾಕಿ. ಆಕಿ ಕೈಯಾಗಿಂದ ಸಾಬವ್ವ, ಜೇವರ್ಗಿಯಾಕಿ. ಆಕಿ ಕಡಿಂದ ಶಾಂತಮ್ಮ, ಸೇಡಮದಾಕಿ, ಆಕಿ ಆಗ ಬಸರಿದ್ದಳು…" ಹೀಗೆ ಹದಿನೇಳು ಹೆಸರು, ಒಂದೂ ತಪ್ಪದೆ. ಒಂಬತ್ತನೆಯದು ಅವರದೇ. ನಡುವೆ ನಾನು ಒಂದು ಊರಿನ ಹೆಸರು ಸರಿಯಾಗಿ ಕೇಳಿಸಲಿಲ್ಲವೆಂದು ನಿಲ್ಲಿಸಿದೆ. ಅವರು ಮತ್ತೆ ಭೀಮವ್ವನಿಂದಲೇ ಶುರುಮಾಡಬೇಕಾಯಿತು.

"ನಡಬರಕ ನಿಂದ್ರಸಬ್ಯಾಡಪಾ" ಎಂದರು. "ಸ್ಲ್ಯಾಬ್ ಅಂದ್ರ ಶುರು ಆದ್ರ ಮುಗದ ಮ್ಯಾಲೇ. ನಡಬರಕ ನಿಂತ್ರ ಅಲ್ಲೇ ಬಿರುಕು ಬರ್ತದ. ಊಟಕ್ಕೂ ಬಿಡಂಗಿಲ್ಲ. ಕಡೀ ಬುಟ್ಟಿ ಬಿದ್ದ ಮ್ಯಾಲೆ ಕೆಲಸ ಮಾಡಸೋ ಮುಕಾದಮ ಕಬ್ಬಿಣದ ಸಳಿ ಬಡೀತಿದ್ದ, ಒಂದೇ ಸಲ. ಆವಾಗ ಕೈ ಬಿಡೂದು."

ಆ ಹೊತ್ತಿಗೆ ನನಗೆ ಎಂಥ ಉತ್ಸಾಹ ಬಂದಿತ್ತೆಂದರೆ, ಯಾರೂ ಕೇಳದಿದ್ದರೂ ಒಂದು ಮಾತು ಕೊಟ್ಟುಬಿಟ್ಟೆ. "ಅವ್ವಾ, ಈ ಹದಿನೇಳೂ ಹೆಸರು ಆ ಹಾಲ್‌ನಾಗೇ ಓದಸ್ತೀವಿ. ನೀವೂ ಬರ್ರಿ."

"ಮೈಕಿನಾಗ?"

"ಮೈಕಿನಾಗ."

ಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ರೇಣುಕಾ ನನ್ನ ಕಡೆ ನೋಡಿದಳು. ಪ್ರಬಂಧ ಮರಾಠಿಯಲ್ಲಿ, ಅದೂ ಪುಸ್ತಕದ ಮರಾಠಿಯಲ್ಲಿ. ತಾಯಿಗೆ ಅದರಲ್ಲಿ ತಿಳಿಯುವುದು ಹೆಸರುಗಳಷ್ಟೇ. ಅದಕ್ಕೇ ಅವಳು ಹೆಸರುಗಳನ್ನು ಕೊನೆಗಿಟ್ಟಳು. ಉಳಿದದ್ದೆಲ್ಲ ಆ ಕೊನೆಯ ಎರಡು ನಿಮಿಷಕ್ಕಾಗಿ ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖ ನನಗಿಲ್ಲ.

ಆ ದಿನ ಬಂತು. ಬಾಗಿಲಲ್ಲಿ ರಂಗೋಲಿ, ಒಳಗೆ ಮಲ್ಲಿಗೆ, ಹಿಂದಿನ ಅಂಗಳದಿಂದ ಮಸಾಲೆ ಭಾತಿನ ವಾಸನೆ. ಆ ವಾಸನೆ ಈಗ ಎಲ್ಲಿ ಬಂದರೂ ನನಗೆ ಇಪ್ಪತ್ತೊಂದು ವರ್ಷವಾಗುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಬಿಲ್ಲೆ, ಮೇಜಿನ ಮೇಲೆ ಗಂಟೆ. ಯಾವ ಪೇಶವೆಗೂ ಅಷ್ಟು ಅಧಿಕಾರವಿತ್ತೆಂದು ನನಗನ್ನಿಸಲಿಲ್ಲ. ಮಲ್ಲಮ್ಮ ಆ ದಿನ ಕೆಲಸಕ್ಕೆ ಹೋಗದೆ, ಹಸಿರು ಇಳಕಲ್ ಸೀರೆಯುಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಒಳಗೆ ಬರುವಾಗ ತಲೆಯೆತ್ತಿ ಮೇಲಿನ ಸ್ಲ್ಯಾಬನ್ನೇ ನೋಡಿದರು. ಬೇರೆ ಯಾರೂ ಅಲ್ಲಿಗೆ ನೋಡಿದ್ದನ್ನು ನಾನು ಕಂಡಿಲ್ಲ.

ಮುಖ್ಯ ಅತಿಥಿಗಳಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದೆವು. ಭಾರೀ ವಿದ್ವಾಂಸರು, ತಮ್ಮ ಗುರುಗಳ ಗುರುಗಳಿಂದ ಶುರುಮಾಡಿದರು. ಹದಿನೆಂಟನೆಯ ನಿಮಿಷಕ್ಕೆ ನಾನು ಗಂಟೆಯ ಮೇಲೆ ಕೈಯಿಟ್ಟೆ. ಮುಂದಿನ ಸಾಲಿನಿಂದ ಬಾಯಿ ನನ್ನನ್ನು ನೋಡಿ, ಬೇಡ ಎಂಬಂತೆ ಕಣ್ಣು ಮಾಡಿದರು. ವೇಳ್ ಮ್ಹಣಜೆ ವೇಳ್ ಎಂದು ಎರಡು ವರ್ಷ ಕಲಿಸಿದ ಬಾಯಿ! ಗೆರೆ ಎಳೆದು ಬರೆದ 'ಯಾರೇ ಆಗಿರಲಿ' ನನ್ನ ಜೇಬಿನಲ್ಲಿಯೇ ಮಡಿಚಿಕೊಂಡಿತ್ತು. ಕೈಯ ಕೆಳಗೆ ಹಿತ್ತಾಳೆ ಬೆಚ್ಚಗಾಯಿತು, ಬಾರಿಸಲು ಧೈರ್ಯ ಬರಲಿಲ್ಲ. ಅತಿಥಿಗಳು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಹಿಂದೆ ಕೂತ ಗೆಳೆಯರು "ಏನೋ ಸಮಯಪಾಲಕ, ಗಂಟೆಗೆ ನಾಲಗೆ ಇಲ್ಲವೇ?" ಎಂದು ಪಿಸುಗುಟ್ಟಿ ನಕ್ಕರು. ನನ್ನ ಕಿವಿ ಕೆಂಪಾಗಿತ್ತು.

ಊಟಕ್ಕೆ ಮೊದಲು ಆರು ಜನ ಓದಬೇಕು. ಹದಿನೈದು ನಿಮಿಷವನ್ನು ಏಳಕ್ಕೆ ಇಳಿಸಿದೆವು. ಆಗ ನಾನು ಎಷ್ಟು ಕಟ್ಟುನಿಟ್ಟಾದೆ ಎನ್ನುತ್ತೀರಿ! ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗೆ. ಐದು ಜನರನ್ನು ಸೆಕೆಂಡು ನೋಡಿ ಕೆಳಗಿಳಿಸಿದೆ. ಗೆಳೆಯರ ನಗು ನಿಂತಿತು. ನನಗೆ ಹಿತವಾಗತೊಡಗಿತು. ನಿಜ ಹೇಳುತ್ತೇನೆ, ಹಿತವಾಗತೊಡಗಿತು.

ಆರನೆಯವಳು ರೇಣುಕಾ. ಮನೆಯಲ್ಲಿ ಗಡಿಯಾರ ಹಿಡಿದು ಹದಿನಾಲ್ಕು ನಿಮಿಷಕ್ಕೆ ಕೂಡಿಸಿದ್ದ ಪ್ರಬಂಧವನ್ನು ನಿಂತಲ್ಲೇ ಕತ್ತರಿಸುತ್ತ, ಪುಟ ಹಾರಿಸುತ್ತ ಓದಿದಳು. ಕಡತದಲ್ಲಿ ಹಾರದ ಮೊಳವಿದೆ, ಮನುಷ್ಯರಿಲ್ಲ ಎಂದಾಗ ಸಭೆ ಸ್ವಲ್ಪ ಅಲುಗಿತು. ಎರಡು ನಿಮಿಷ ಉಳಿದಾಗ ನಾನು ಒಂದು ಗಂಟೆ ಬಾರಿಸಿದೆ. ಆಗ ಯಾರೋ ಸಭೆಯಿಂದ, ಹಾಗಾದರೆ ನಿಮ್ಮ ಆಧಾರ ಎಲ್ಲಿದೆ ಎಂದು ನಡುವೆಯೇ ಕೇಳಿದರು. "ಕೊನೆಯ ಸಾಲಿನಲ್ಲಿ ಕೂತಿದ್ದಾರೆ" ಎಂದಳು. ಜನ ತಿರುಗಿ ನೋಡುವುದರಲ್ಲಿ, ಗುಜುಗುಜು ನಿಲ್ಲುವುದರಲ್ಲಿ ಅವಳ ಎರಡು ನಿಮಿಷ ಹೋಯಿತು. ಅವಳು ಕೊನೆಯ ಹಾಳೆ ತೆಗೆದಳು. "ಭೀಮವ್ವ, ಸುರಪುರ. ಸಾಬವ್ವ, ಜೇವರ್ಗಿ. ಶಾಂತಮ್ಮ…"

ನಾನು ಗಂಟೆ ಬಾರಿಸಿದೆ.

ಅವಳು ನಿಲ್ಲಿಸಿ ನನ್ನನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ. ಅಧ್ಯಕ್ಷರು ತಲೆ ತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಬಾಯಿ ಊಟದ ವ್ಯವಸ್ಥೆ ನೋಡಲು ಹೊರಗೆ ಹೋಗಿದ್ದರು. ಯಾರೂ ನನಗೆ ಕಣ್ಣು ಮಾಡಿರಲಿಲ್ಲ. ನಾನು ಸುಮ್ಮನೆ ಕೂತಿದ್ದರೆ ಇನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ನಾನು ನಿಯಮದ ಪ್ರಕಾರ ಎರಡನೆಯ ಸಲವೂ ಬಾರಿಸಿದೆ. ರೇಣುಕಾ ಹಾಳೆ ಮಡಿಚಿ ಕೆಳಗಿಳಿದಳು. ನನ್ನ ಮೇಜಿನ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ಟೈಮ್ ಬರೋಬ್ಬರಿ ಇಟ್ಟ್ರಿ" ಎಂದಳು. ಅವಳು ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಅದೇ ಉಳಿಯಿತು.

ಊಟದ ಸಾಲಿನಲ್ಲಿ ಮಲ್ಲಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಊಟದ ಗಂಟಿ ನೀನೇ ಹೊಡದೇನು ತಮ್ಮಾ? ಚಲೋ ಆತು. ಹುಡುಗಿ ಮುಂಜಾನಿಂದ ಏನೂ ತಿಂದಿದ್ದಿಲ್ಲ" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಮೂರ ಹೆಸರ ಆದವು. ಉಳದವು ಯಾವಾಗ ಓದತಾರ?"

ನಾನು ಏನು ಹೇಳಬೇಕಿತ್ತು? ಅದು ಊಟದ ಗಂಟೆಯಲ್ಲ ಅವ್ವಾ, ನಿಮ್ಮನ್ನು ನಿಲ್ಲಿಸಿದ ಗಂಟೆ ಎನ್ನಬೇಕಿತ್ತು. ಕೈಯಲ್ಲಿ ಪೂರಿಯ ತಟ್ಟೆ, ಎದೆಯ ಮೇಲೆ ಬಿಲ್ಲೆ. "ಊಟ ಆದ ಮ್ಯಾಲೆ, ಅವ್ವಾ" ಎಂದೆ.

"ಹೌದಾ? ಆತು. ಸ್ಲ್ಯಾಬ್ ಇದ್ದ್ರ ನಡಬರಕ ಬಿಡಂಗಿಲ್ಲ. ನಿಮ್ಮದು ಬ್ಯಾರೆ ಪದ್ಧತಿ ಇರಬೇಕು" ಎಂದು ತಲೆಯಾಡಿಸಿ ಹೋದರು.

ಮಧ್ಯಾಹ್ನದ ಎರಡೂ ಗೋಷ್ಠಿಗಳನ್ನು ಅವರು ಕೂತು ಕೇಳಿದರು. ಇಂಗ್ಲಿಷಿನ ಪ್ರಬಂಧಗಳು, ಪೇಶವೆಕಾಲದ ನೀರಿನ ಕಾಲುವೆಗಳು, ನನ್ನ ವಾಡೆ. ಪ್ರತಿಯೊಬ್ಬರು ಮೈಕಿನ ಮುಂದೆ ಬಂದಾಗಲೂ ಅವರು ಸ್ವಲ್ಪ ಮುಂದಕ್ಕೆ ಬಾಗುವುದು, ಆಮೇಲೆ ಹಿಂದಕ್ಕೆ ಒರಗುವುದು ನನ್ನ ಜಾಗದಿಂದ ಕಾಣುತ್ತಿತ್ತು. ರೇಣುಕಾ ಎರಡು ಸಲ ಕರೆದಳು, ಅವರು ಏಳಲಿಲ್ಲ. ವಂದನಾರ್ಪಣೆ ಮುಗಿದು, ರಾಷ್ಟ್ರಗೀತೆಗೆ ಎಲ್ಲರ ಜೊತೆ ಎದ್ದು ನಿಂತು, ಜನ ಹೊರಟ ಮೇಲೆಯೇ ಹೊರಟರು. ಬಾಗಿಲಲ್ಲಿ ಮತ್ತೊಮ್ಮೆ ಮೇಲೆ ನೋಡಿದರು. ನಾನು ಮೈಕಿನ ವಯರು ಸುತ್ತುವ ನೆವದಲ್ಲಿ ವೇದಿಕೆಯ ಹಿಂದೆ ಅಡಗಿದ್ದೆ.

ಪ್ರಬಂಧಗಳ ಸಂಪುಟದಲ್ಲಾದರೂ ಹೆಸರು ಬರುತ್ತವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಪುಟ ಇಂದಿಗೂ ಅಚ್ಚಿನ ಮನೆಯಿಂದ ಹೊರಬಂದಿಲ್ಲ. ರೇಣುಕಾ ಎಂ.ಎ. ಮುಗಿಸಿ ನಿಗಡಿಯ ಕಡೆಯೇ ಶಾಲಾ ಶಿಕ್ಷಕಿಯಾದಳು. ನಾನು ಅದೇ ಕಾಲೇಜಿಗೆ ಮಾಸ್ತರನಾಗಿ ಸೇರಿದೆ. ಅದೇ ವೇದಿಕೆಯ ಮೇಲೆ ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಜನರ ಇತಿಹಾಸ, ಕೆಳಗಿನಿಂದ ಇತಿಹಾಸ ಎಂದೆಲ್ಲ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಕೊನೆಯ ಸಾಲಿನ ಕಡೆ ಮಾತ್ರ ನೋಡುವುದಿಲ್ಲ. ದೂರದವರು ಕಾಣುವುದಿಲ್ಲ, ಕಣ್ಣಿನ ದೋಷ ಎಂದು ಹೆಂಡತಿಗೆ ಹೇಳಿ ಕನ್ನಡಕದ ನಂಬರನ್ನೂ ಬದಲಿಸಿಕೊಂಡಿದ್ದೇನೆ.

ಚಹಾ ಆರಿತ್ತು. ನೋಟ್‌ಬುಕ್ ತೆರೆದರೆ ನನ್ನದೇ ಅಕ್ಷರದಲ್ಲಿ ಹದಿನೇಳು ಹೆಸರು, ಮಷೀನಿನಿಂದ ಮೇಲಿನವರೆಗೆ, ಸಾಲು ತಪ್ಪದೆ. ಅದೇ ವಾರ ನಮ್ಮ ವಿದ್ಯಾರ್ಥಿಗಳು ಈ ವರ್ಷದ ಸಂಕಿರಣದ ಪಟ್ಟಿ ತಂದಿದ್ದರು. ಉದ್ಘಾಟಕರು ಬೇರೆ ಯಾರೋ. ನನಗೆ ಮಧ್ಯಾಹ್ನ ಎರಡೂವರೆಗೆ ಹದಿನೈದು ನಿಮಿಷದ ವಿಶೇಷ ಭಾಷಣ. ನಾನು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದೆ. ದೀಪಾವಳಿ, ಸಂಕ್ರಾಂತಿಗೆ ಹೂವಿನ ಚಿತ್ರ ಕಳಿಸುವುದು ಬಿಟ್ಟರೆ ರೇಣುಕಾಳೊಡನೆ ಮಾತಾಡಿ ವರ್ಷಗಳಾಗಿದ್ದವು.

"ಹೇಳ್ರಿ ಸರ್" ಎಂದಳು.

"ರೇಣುಕಾ, ಆ ಹೆಸರು ಓದಬೇಕಂತ ಮಾಡೀನಿ. ಅದೇ ಹಾಲ್‌ನಾಗ."

ಆ ಕಡೆ ಕುಕ್ಕರು ಒಮ್ಮೆ ಕೂಗಿತು. ಆಮೇಲೆ, "ಯಾರು ಓದತಾರ?"

"ನೀನೇ. ನನ್ನ ಹೊತ್ತು ನಿನಗ ಕೊಡ್ತೀನಿ. ಅವತ್ತ ನಾ ತಪ್ಪು ಮಾಡಿದೆ, ರೇಣುಕಾ. ಯಾರೂ ಹೊಡಿ ಅಂದಿದ್ದಿಲ್ಲ. ನಾನೇ ಹೊಡದೆ."

"ನನಗ ಗೊತ್ತದ್ರಿ" ಎಂದಳು. ಇನ್ನೊಮ್ಮೆ ಕುಕ್ಕರು ಕೂಗಿತು. "ಅವ್ವನ್ನ ಕೇಳಿ ಹೇಳ್ತೀನಿ."

ಎರಡು ದಿನ ಬಿಟ್ಟು ಸಂದೇಶ ಬಂತು: 'ಬರ್ತೀವಿ. ಎಷ್ಟಕ್ಕ?' ನಾನು ಆತುರದಲ್ಲಿ 'ಊಟ ಆದ ಮ್ಯಾಲೆ' ಎಂದು ಒತ್ತಿಬಿಟ್ಟೆ. ಕಳಿಸಿದ ಮೇಲೆ ಏನು ಬರೆದೆನೆಂದು ನೋಡಿದೆ. ಅಳಿಸಲು ಮನಸ್ಸು ಬರಲಿಲ್ಲ.

ಮೊನ್ನೆ ಶನಿವಾರ ಅದು ನಡೆಯಿತು. ಮಲ್ಲಮ್ಮನ ಮೊಣಕಾಲು ಈಗ ಮಾತು ಕೇಳುವುದಿಲ್ಲ. ರೇಣುಕಾ ಕೈಹಿಡಿದು ಕರೆತಂದಳು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆ. ಅವರು ಅದನ್ನು ದಾಟಿ, ತಮ್ಮ ಹಳೆಯ ಜಾಗಕ್ಕೇ ಹೋಗಿ ಕೂತರು. ನಾನು ಮೈಕಿನ ಮುಂದೆ ಎರಡೇ ಮಾತಾಡಿದೆ: ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿ ಓದುತ್ತಿದ್ದ ಒಂದು ಪ್ರಬಂಧವನ್ನು ನಾನು ತಡೆದೆ, ತಡೆದದ್ದು ತಪ್ಪು, ಅದು ಈಗ ಪೂರ್ತಿಯಾಗುತ್ತದೆ. ಗಂಟೆ ನನ್ನ ಜೇಬಿನಲ್ಲಿತ್ತು. ನಡೆದರೆ ಸದ್ದಾದೀತೆಂದು ಅದರ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

ರೇಣುಕಾ ಶಾಂತಮ್ಮನಿಂದ ಮುಂದುವರಿಸಲಿಲ್ಲ. ಭೀಮವ್ವನಿಂದಲೇ ಶುರುಮಾಡಿದಳು. ಒಂದೊಂದು ಹೆಸರಿಗೆ ಒಂದೊಂದು ಊರು, ನಡುವೆ ಒಂದು ಉಸಿರು. ಈ ಸಲ ನಾನು ಕೊನೆಯ ಸಾಲಿನ ಕಡೆ ನೋಡಿದೆ. ಮಲ್ಲಮ್ಮನ ಕೈಗಳು ಮಡಿಲಿನಿಂದ ಎದ್ದಿದ್ದವು; ಬಲದಿಂದ ತೆಗೆದುಕೊಂಡು ಎಡಕ್ಕೆ, ಬಲದಿಂದ ಎಡಕ್ಕೆ. ಒಂಬತ್ತನೆಯ ಹೆಸರು ಬಂತು. "ಮಲ್ಲಮ್ಮ, ಸುರಪುರ." ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ತಮ್ಮ ಹೆಸರಿನ ಹತ್ತಿರ ನಿಲ್ಲಲೇ ಇಲ್ಲ. ಬುಟ್ಟಿಯನ್ನು ಹತ್ತನೆಯವಳಿಗೆ ಕೊಟ್ಟು ಮುಂದಿನದಕ್ಕೆ ಕೈಚಾಚಿದರು. ನನಗೆ ಕಣ್ಣು ತುಂಬಿ, ಉಳಿದ ಎಂಟು ಹೆಸರು ಬರಿಯ ಕಿವಿಯಲ್ಲಿ ಕೇಳಿದೆ.

ಮುಗಿದ ಮೇಲೆ ರೇಣುಕಾ ಬಂದು, "ಥ್ಯಾಂಕ್ಸ್ ರೀ ಸರ್" ಎಂದಳು. ರೀ ಹಾಗೆಯೇ ಇತ್ತು. ಇರಲಿ, ನಾನು ಗಳಿಸಿದ್ದೇ ಅಷ್ಟು.

ಮಲ್ಲಮ್ಮನ ಹತ್ತಿರ ಹೋಗಿ ಬಗ್ಗಿ ಕಾಲು ಮುಟ್ಟಿದೆ. ಅವರು ನನ್ನ ನೆರೆತ ತಲೆಯನ್ನು ನೋಡಿದರು, ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ಊಟ ಆದ ಮ್ಯಾಲೆ ಅಂದಿದ್ದಿ" ಎಂದರು. "ಭಾಳ ಉದ್ದ ಆತಪಾ ನಿಮ್ಮ ಊಟ."

ನಾನೂ ನಕ್ಕೆ, ಅವರೂ ನಕ್ಕರು. "ಹದಿನೇಳ ಮಂದ್ಯಾಗ ಐದ ಮಂದಿ ಉಳದೀವಿ" ಎಂದರು. "ಫೋನ್ ಹಚ್ಚಿ ಹೇಳ್ತೀನಿ, ಮೈಕಿನಾಗ ಓದಿದ್ರು ಅಂತ." ಆಮೇಲೆ ನನ್ನ ಉಬ್ಬಿದ ಜೇಬನ್ನು ನೋಡಿ, "ಅದೇನದ?" ಎಂದರು. ಗಂಟೆ ತೆಗೆದು ಕೊಟ್ಟೆ. ಅಂಗೈಯಲ್ಲಿಟ್ಟು ತೂಗಿ ನೋಡಿದರು. ತಲೆಯೆತ್ತಿ ಮೇಲಿನ ಸ್ಲ್ಯಾಬನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಆಮೇಲೆ ಒಂದೇ ಒಂದು ಸಲ ಗಂಟೆ ಬಾರಿಸಿ, ನನ್ನ ಕೈಗೆ ವಾಪಸು ಕೊಟ್ಟರು.

"ಆತು" ಎಂದರು. "ನಡೀ ರೇಣುಕಾ, ಲೋಕಲ್ ತಪ್ಪತದ."